ಕಾಶಿಯಲ್ಲಿ ಬಿಟ್ಟ ಉಪ್ಪು

ನನ್ನ ವಾರಗಿತ್ತಿ ನನಗೆ ಕಾಫಿ ತಂದುಕೊಟ್ಟ ದಿನವೇ ಅವಳಿಗೆ ಏನೋ ದೊಡ್ಡ ಕಾಯಿಲೆ ಬಂದಿದೆ ಎಂದು ನನಗೆ ಗೊತ್ತಾಯಿತು.

ಅವಳು ನನ್ನ ಗಂಡನ ಅಣ್ಣನ ಹೆಂಡತಿ. ಹುಣಸಮಾರನಹಳ್ಳಿಯ ಹೆಣ್ಣು. ನಾನು ಕಂಟೋನ್ಮೆಂಟಿನಲ್ಲಿ ಹುಟ್ಟಿ, ಕಾನ್ವೆಂಟಿನ ನನ್‌ಗಳ ಕೈಕೆಳಗೆ ಓದಿ, ಪಿಯಾನೋ ಕ್ಲಾಸಿಗೆ ಬಿಳಿ ಸಾಕ್ಸ್ ಹಾಕಿಕೊಂಡು ಹೋಗಿ, ಆಮೇಲೆ ಯಾವ ಪುಣ್ಯಕ್ಕೋ ಪಾಪಕ್ಕೋ ಯಲಹಂಕದ ಈ ಗೌಡರ ಮನೆಗೆ ಕಿರಿಯ ಸೊಸೆಯಾಗಿ ಬಂದವಳು. ನಲವತ್ತನಾಲ್ಕು ವರ್ಷ ಒಂದೇ ಗೇಟು ನಮ್ಮಿಬ್ಬರಿಗೂ. ಆಗ ಮನೆಯ ಹಿಂದೆ ದ್ರಾಕ್ಷಿ ತೋಟವಿತ್ತು. ಈಗ ಅಲ್ಲಿ ನಾಲ್ಕು ಅಂತಸ್ತಿನ ಬಿಲ್ಡಿಂಗ್ ಇದೆ. ಕೆಳಗೆ ಅವಳು, ಅವಳ ಮಗ, ಸೊಸೆ. ಮೊದಲ ಮಹಡಿಯಲ್ಲಿ ನಾನೊಬ್ಬಳೇ. ಮೇಲಿನ ಎರಡು ಬಾಡಿಗೆಗೆ. ನಮ್ಮಿಬ್ಬರ ಗಂಡಂದಿರೂ ಈಗ ಇಲ್ಲ.

ಮದುವೆಯಾಗಿ ಬಂದ ಮೊದಲ ವಾರವೇ ಅವಳು ನನ್ನ ಇಂಗ್ಲಿಷ್ ಪುಸ್ತಕಗಳ ಟ್ರಂಕನ್ನು ಕೊಟ್ಟಿಗೆಯಲ್ಲಿ ಇಡಿಸಿ ಅದರ ಮೇಲೆ ಬೂಸಾ ಮೂಟೆ ಹೇರಿಸಿದಳು. ನಾನು ಮುದ್ದೆಯನ್ನು ಸ್ಪೂನಿನಲ್ಲಿ ತಿಂದದ್ದನ್ನು ಕೆರೆಯ ಈಚೆಯಿಂದ ಆಚೆಯವರೆಗೆ ಸಾರಿಕೊಂಡು ಬಂದಳು. ನನಗೆ ಅವಳಿಟ್ಟ ಹೆಸರು ‘ಇಂಗ್ಲೀಸ್ ದೊರ್ಸಾನಿ’. ಮುಂದೆ ನಾನು ಯಶವಂತಪುರದ ಒಂದು ಆಸ್ಪತ್ರೆಯ ಲ್ಯಾಬಿನಲ್ಲಿ ರಿಪೋರ್ಟ್ ಟೈಪ್ ಮಾಡುವ ಕೆಲಸಕ್ಕೆ ಸೇರಿದಾಗ, ‘ಉಚ್ಚೆ ಚೀಟಿ ಬರ್ಯೋಳು’ ಎಂದು ಅದಕ್ಕೆ ಪ್ರಮೋಷನ್ ಕೊಟ್ಟಳು. ನಾನೂ ಸುಮ್ಮನಿರಲಿಲ್ಲ. ಅವಳ ಎದುರಿಗೇ ಕೂತು ನನ್ನ ಗಂಡನ ಜೊತೆ ಇಂಗ್ಲಿಷಿನಲ್ಲಿ ಅವಳನ್ನೇ ಆಡಿಕೊಂಡು ನಗುತ್ತಿದ್ದೆ. ಅದು ಬೂಸಾ ಮೂಟೆಗಿಂತ ಕೀಳು ಕೆಲಸ ಎಂದು ಈಗ ಅನ್ನಿಸುತ್ತದೆ. ಆಗ ಬಹಳ ಸ್ಮಾರ್ಟ್ ಅನ್ನಿಸಿತ್ತು.

ಇಂಥವಳು ಒಂದು ಬೇಸಿಗೆಯ ಬೆಳಿಗ್ಗೆ ಗೋಡೆ ಹಿಡಿದುಕೊಂಡು ಮೆಟ್ಟಿಲು ಹತ್ತಿ ಬಂದಳು. ಕೈಯಲ್ಲಿ ಸ್ಟೀಲ್ ಲೋಟ. ಅರ್ಧ ಕಾಫಿ ಮೆಟ್ಟಿಲ ಮೇಲೆಯೇ ಚೆಲ್ಲಿತ್ತು.

“ಕುಡೀರಮ್ಮ, ಬಿಸಿ ಐತೆ,” ಎಂದಳು. “ಏಟು ಚೆಂದಾಗೈತೆ ನಿಮ್ ಸೀರೆ.”

ನಾನು ಉಟ್ಟಿದ್ದು ಹತ್ತು ವರ್ಷದ ಹಳೆಯ ವಾಯಿಲ್ ಸೀರೆ. ಹಿಂದೆ ಅದನ್ನೇ ಅವಳು ಒರೆಸೋ ಬಟ್ಟೆ ಎಂದಿದ್ದಳು. ನನ್ನ ಸೋಫಾದ ಮೇಲೆ ಎಂದೂ ಕೂರುವುದಿಲ್ಲ ಎಂದು ಊರ ಮುಂದೆ ಹೇಳಿದ್ದವಳು ಅದರ ಮೇಲೆ ಕೂತು, ನೆತ್ತಿ ಒತ್ತಿಕೊಂಡು, “ನಿಮ್ ಯಜಮಾನ್ರು ಊಟಕ್ ಬತ್ತಾರಾ?” ಎಂದು ಕೇಳಿದಳು. ನನ್ನ ಗಂಡ ತೀರಿಕೊಂಡು ಆರು ವರ್ಷವಾಗಿತ್ತು. ಅವರ ಹೆಣದ ಮುಂದೆ ಅವಳೇ ಎಲ್ಲರಿಗಿಂತ ಜೋರಾಗಿ ಅತ್ತಿದ್ದಳು. ಆ ವಿಷಯಕ್ಕೂ ನಮ್ಮಿಬ್ಬರಿಗೆ ಜಗಳವಾಗಿತ್ತು.

ನಾನು ಆ ಕಾಫಿ ಕುಡಿಯಲಿಲ್ಲ. ಹೆದರಿಕೆಯಾಯಿತು. ನಲವತ್ತನಾಲ್ಕು ವರ್ಷದಲ್ಲಿ ಮೊದಲ ಸಲ ಅವಳನ್ನು ಕಂಡು ನಿಜವಾಗಿ ಹೆದರಿದೆ.

ಕೆಳಗೆ ಹೋಗಿ ಅವಳ ಮಗನನ್ನು ಕೇಳಿದೆ. ಅವನು ಬೋರ್‌ವೆಲ್ ಮೋಟರಿನ ಸ್ವಿಚ್ ರಿಪೇರಿ ಮಾಡುತ್ತಾ ತಲೆ ಎತ್ತದೆ ಹೇಳಿದ: “ಚಿಕ್ಕಮ್ಮಾ, ಅಮ್ಮಂಗೆ ಅರಳು ಮರಳು. ತಲೆ ಸ್ಕ್ಯಾನ್ ಮಾಡ್ಸಾಯ್ತು. ಮಿದುಳು ಸಣ್ಣ ಆಗಿದೆ, ವಯಸ್ಸಿಗೆ ಹಂಗೇ ಅಂದ್ರು ಡಾಕ್ಟ್ರು. ಮೊನ್ನೆ ಬಾತ್‌ರೂಮಲ್ಲಿ ಬಿದ್ರು. ಗ್ಯಾಸ್ ಆಫ್ ಮಾಡಲ್ಲ. ನಂಗೆ ನನ್ ಹೆಂಡ್ತಿಗೆ ಇಬ್ರಿಗೂ ಡ್ಯೂಟಿ. ಹೆಸರಘಟ್ಟದ್ ರೋಡಲ್ಲಿ ಒಂದ್ ಹೋಮ್ ಇದೆ, ಇಂಥೋರಿಗೇ ಅಂತ. ರೂಮ್ ನೋಡ್ಕೊಂಡ್ ಬಂದ್ವಿ. ಸೋಮವಾರ ಬಿಟ್ಬರ್ತೀವಿ.”

“ಯಾವಾಗಿಂದ ಹೀಗೆ?”

“ಒಂದ್ ಮೂರ್ ವಾರ.”

“ಮೂರು ವಾರದಲ್ಲಿ ಯಾರಿಗಾದ್ರೂ ಅರಳು ಮರಳು ಆಗುತ್ತೇನಪ್ಪಾ? ಹೋದ ತಿಂಗಳು ಒಣಗಾಕಿದ್ದ ನನ್ನ ಬೆಡ್‌ಶೀಟ್ ಮೇಲೆ ಬೇಕಂತಲೇ ಸಂಡಿಗೆ ಹಿಟ್ಟು ಚೆಲ್ಲಿದಳು ನಿಮ್ಮಮ್ಮ. ಅಷ್ಟು ಪ್ಲಾನ್ ಮಾಡೋ ತಲೆ ಮೂರು ವಾರದಲ್ಲಿ ಹೋಗಿಬಿಡ್ತಾ?”

“ನಿಮ್ಗೆ ಖುಷಿ ಆಗ್ಬೇಕಿತ್ತಲ್ಲ ಚಿಕ್ಕಮ್ಮಾ,” ಎಂದ ಅವನು. ಈಗ ತಲೆ ಎತ್ತಿ ನನ್ನ ಮುಖವನ್ನೇ ನೋಡುತ್ತಿದ್ದ.

ಅವನ ಮಾತು ಸುಳ್ಳಲ್ಲ. ಬೇರೆ ಯಾರಿಗಾದರೂ ಖುಷಿಯಾಗುತ್ತಿತ್ತೇನೋ. ಆದರೆ ಮೇಲೆ ಬಂದು ಬಾಲ್ಕನಿಯಲ್ಲಿ ಕೂತು ಯೋಚಿಸಿದಾಗ ನನಗೆ ಸಿಟ್ಟೇ ಬಂತು. ಮರೆವಿನ ಕಾಯಿಲೆಯ ಮನೆಗೆ ಒಮ್ಮೆ ಸೇರಿಸಿದರೆ ಮುಗಿಯಿತು. ಆಮೇಲೆ ಅವಳು ಮಾಡಿದ್ದಕ್ಕೆಲ್ಲ ‘ಪಾಪ, ಆಗಿನಿಂದಲೇ ತಲೆ ಸರಿ ಇರಲಿಲ್ಲವೇನೋ’ ಎಂಬ ಮಾತು ಅಂಟಿಕೊಳ್ಳುತ್ತದೆ. ಪುಸ್ತಕದ ಟ್ರಂಕು, ದೊರ್ಸಾನಿ, ನನಗೆ ಮಕ್ಕಳಾಗಲಿಲ್ಲ ಎಂದು ತೊಟ್ಟಿಲ ಶಾಸ್ತ್ರದ ದಿನ ನನ್ನನ್ನು ಅಡುಗೆಮನೆಯಲ್ಲೇ ಕೂರಿಸಿದ್ದು, ಎಲ್ಲವೂ ಕಾಯಿಲೆಯ ಖಾತೆಗೆ. ಇಷ್ಟು ಸುಲಭದ ಮಾಫಿ ಅವಳಿಗೆ ಸಿಗಕೂಡದು. ಅವಳು ಕೆಟ್ಟವಳು, ಹುಚ್ಚಿಯಲ್ಲ. ಆ ವ್ಯತ್ಯಾಸ ನನ್ನಷ್ಟು ಚೆನ್ನಾಗಿ ಯಾವ ಸ್ಕ್ಯಾನಿಗೂ ಗೊತ್ತಿರಲಿಲ್ಲ.

ಇನ್ನೊಂದು ವಿಷಯವೂ ನನಗೆ ಗೊತ್ತಿತ್ತು. ಇಪ್ಪತ್ತಾರು ವರ್ಷ ಲ್ಯಾಬಿನ ರಿಪೋರ್ಟ್ ಟೈಪ್ ಮಾಡಿದವಳು ನಾನು. ಡಾಕ್ಟರಲ್ಲ, ಬರೀ ಟೈಪಿಸ್ಟ್. ಆದರೂ ಬೆರಳುಗಳು ಕೆಲವನ್ನು ಕಲಿಯುತ್ತವೆ. ಹೆಸರು, ವಯಸ್ಸು ಎಪ್ಪತ್ತು ಚಿಲ್ಲರೆ, ‘ಕನ್‌ಫ್ಯೂಷನ್’ ಎಂದು ಡಾಕ್ಟರು ಗೀಚಿದ ಅಕ್ಷರ, ಅದರ ಕೆಳಗೆ ಸೋಡಿಯಂ ನೂರ ಹದಿನೆಂಟು, ನೂರ ಇಪ್ಪತ್ತು. ಸರಿಯಾಗಿದ್ದರೆ ಅದು ನೂರ ಮೂವತ್ತೈದರಿಂದ ನೂರ ನಲವತ್ತೈದರ ಒಳಗಿರಬೇಕು. ಒಂದು ವಾರದ ನಂತರ ಅದೇ ಹೆಸರಿಗೆ ನೂರ ಮೂವತ್ತೈದು ಎಂದು ಟೈಪ್ ಮಾಡುವಾಗ, ಸ್ಟ್ರೆಚರಿನಲ್ಲಿ ಬಂದಿದ್ದ ಅದೇ ಅಜ್ಜಿ ಕಾರಿಡಾರಿನಲ್ಲಿ ಸೊಸೆಯನ್ನು ಬೈಯುತ್ತಾ ನಡೆದುಹೋಗುತ್ತಿದ್ದಳು. ಮರೆವಿನ ಕಾಯಿಲೆ ಸಾಯಂಕಾಲದ ಹಾಗೆ ಬರುತ್ತದೆ. ನನ್ನ ವಾರಗಿತ್ತಿಯದು ಕರೆಂಟ್ ಹೋದ ಹಾಗೆ ಬಂದಿತ್ತು.

ಭಾನುವಾರ ಬೆಳಿಗ್ಗೆ ಫೋನ್ ಮಾಡಿ ಮನೆಗೇ ಬಂದು ರಕ್ತ ತೆಗೆಯುವ ಹುಡುಗಿಯನ್ನು ಕರೆಸಿದೆ. ಅವಳು ಡಬ್ಬ ಹಿಡಿದು ಕೆಳಮನೆಯ ಬಾಗಿಲಿಗೆ ಹೋದಾಗ ಸೊಸೆ ಅಡ್ಡ ನಿಂತಳು. ಒಳಗೆ ಮಂಚದ ಮೇಲೆ ಸೂಟ್‌ಕೇಸ್ ತೆರೆದಿತ್ತು. ಅತ್ತೆಯ ಸೀರೆಗಳು ಅದರಲ್ಲಿ ಮಡಿಚಿ ಕೂತಿದ್ದವು.

“ಏನ್ ಚಿಕ್ಕತ್ತೆ ನಿಮ್ದು? ನಾವೇನ್ ಟೆಸ್ಟ್ ಮಾಡ್ಸಿಲ್ವಾ? ಶುಗರ್ ಮಾಡ್ಸಿದೀವಿ, ಸ್ಕ್ಯಾನ್ ಮಾಡ್ಸಿದೀವಿ.”

“ಎಲೆಕ್ಟ್ರೊಲೈಟ್ಸ್ ಮಾಡ್ಸಿದ್ರಾ? ಸೋಡಿಯಂ?”

“ಅದೇನೋ ಗೊತ್ತಿಲ್ಲಪ್ಪ.”

“ಗೊತ್ತಿಲ್ದೇ ಇರೋರು ಸ್ವಲ್ಪ ಪಕ್ಕಕ್ಕೆ ನಿಂತ್ಕೋಬೇಕಮ್ಮ.”

ಅವಳು ಮುಖ ತಿರುಗಿಸಿಕೊಂಡು ಹೋದಳು. ಅವತ್ತಿನಿಂದ ನನ್ನ ಹತ್ತಿರ ಸರಿಯಾಗಿ ಮಾತಾಡಿಲ್ಲ, ಅದೂ ಇರಲಿ. ವಾರಗಿತ್ತಿ ಮಾತ್ರ ತೋಳು ಚಾಚಿಕೊಂಡು, ಸೂಜಿ ಚುಚ್ಚುವ ಹುಡುಗಿಗೆ, “ನಿಧಾನಕ್ ಮಾಡಮ್ಮ, ನಿನಗ್ ನೋವಾದಾತು,” ಎಂದಳು. ಅಷ್ಟು ಒಳ್ಳೆಯ ಮಾತು ಅವಳ ಬಾಯಿಂದ ಕೇಳಿ, ಬೇಗ ಮುಗಿಸಮ್ಮ ಎಂದು ಹುಡುಗಿಗೆ ಹೇಳಿದೆ.

ಸಾಯಂಕಾಲ ನಾಲ್ಕಕ್ಕೆ ಲ್ಯಾಬಿನವರೇ ಫೋನ್ ಮಾಡಿದರು. ಲ್ಯಾಬಿನವರು ತಾವಾಗಿ ಫೋನ್ ಮಾಡಿದರೆ ಅದು ಒಳ್ಳೆಯ ಸುದ್ದಿಯಲ್ಲ ಎಂಬುದು ನನಗೆ ಗೊತ್ತಿತ್ತು. ನೂರ ಹದಿಮೂರು. ನಮ್ಮ ಕಾಲದಲ್ಲಿ ಇಂಥ ಅಂಕಿ ಬಂದರೆ ಕೆಂಪು ಶಾಯಿಯಲ್ಲಿ ಗೆರೆ ಎಳೆದು, ಟೈಪ್ ಮಾಡುವುದಕ್ಕೂ ಕಾಯದೆ ವಾರ್ಡಿಗೆ ಓಡುತ್ತಿದ್ದೆವು. ಅವಳ ಮಗನಿಗೆ ನಾನು ಒಂದೇ ಮಾತು ಹೇಳಿದೆ: “ಸೂಟ್‌ಕೇಸ್ ಹಾಗೇ ಇರಲಿ, ಕಾರ್ ತೆಗಿ. ಹೆಸರಘಟ್ಟಕ್ಕಲ್ಲ, ಹೆಬ್ಬಾಳಕ್ಕೆ.”

ಹೆಬ್ಬಾಳದ ಆಸ್ಪತ್ರೆಯಲ್ಲಿ ಅವಳನ್ನು ನೋಡಿದ್ದು ಧಾರವಾಡದ ಕಡೆಯ ಒಬ್ಬ ಹುಡುಗಿ ಡಾಕ್ಟರು. ಕಣ್ಣಿನ ಕೆಳಗೆ ಕಪ್ಪು, ಜಡೆ ಅರ್ಧ ಬಿಚ್ಚಿತ್ತು, ಆದರೆ ಕೇಳುವ ಪ್ರಶ್ನೆ ಒಂದೂ ವೇಸ್ಟ್ ಇರಲಿಲ್ಲ. ರಕ್ತ ಮತ್ತೆ ಕಳಿಸಿದರು, ಮೂತ್ರವನ್ನೂ ಕಳಿಸಿದರು, ಥೈರಾಯ್ಡ್ ಎಂದರು, ಇನ್ನೊಂದು ಹಾರ್ಮೋನ್ ಎಂದರು. ಆಮೇಲೆ ನಮ್ಮನ್ನು ಕೂರಿಸಿಕೊಂಡು ಹೇಳಿದರು:

“ನೋಡ್ರಿ ಅಮ್ಮಾರ, ರಕ್ತದಾಗ ಉಪ್ಪಿನ ಅಂಶ ಭಾಳ ಕಮ್ಮಿ ಆಗೇತಿ, ನೀರು ಹೆಚ್ಚಾಗೇತಿ. ಆ ನೀರು ಹೋಗಿ ಮಿದುಳು ಬಾತೇತಿ. ಅದಕ್ಕ ಹಿಂಗ ಮಾತಾಡ್ಲಿಕ್ಹತ್ಯಾರ. ಇನ್ನೂ ಇಳದಿದ್ರ ಫಿಟ್ಸ್ ಬರ್ತಿದ್ವು.”

“ಮೇಡಂ, ಹಂಗಾದ್ರೆ ಡ್ರಿಪ್ ಜೋರಾಗ್ ಬಿಡಿ,” ಎಂದ ಮಗ. “ಎಷ್ಟ್ ಬೇಕಾದ್ರೂ ಉಪ್ಪು ಏರ್ಸಿ. ನಾಳೆ ಸಾಯಂಕಾಲಕ್ಕೆ ನಾರ್ಮಲ್ ಆಗ್ಲಿ.”

“ಹಂಗ ಮಾಡಂಗಿಲ್ರಿ. ನಿಧಾನ ಇಳದದ್ದನ್ನ ನಿಧಾನನ ಏರಸ್ಬೇಕು. ಒಮ್ಮೆಲೇ ಏರಿಸಿದ್ರ ಮಿದುಳಿನ ನರದ ಮ್ಯಾಲಿನ ಹೊದಿಕಿ ಹಾಳಾಗತೈತಿ. ಆಮ್ಯಾಲ ಮಾತೂ ಬರಂಗಿಲ್ಲ, ನುಂಗಾಕೂ ಬರಂಗಿಲ್ಲ, ಕೈಕಾಲೂ ಏಳಂಗಿಲ್ಲ. ದಿನಕ್ಕ ಎಂಟು ಅಂಕಿ, ಅಷ್ಟ. ಅದಕಿಂತ ಮ್ಯಾಲ ನಾ ಬಿಡಂಗಿಲ್ಲ.”

ಆಮೇಲೆ ಕಾರಣಗಳನ್ನು ಒಂದೊಂದಾಗಿ ಕೆದಕಿದರು. ಎರಡು ತಿಂಗಳ ಹಿಂದೆ ನಮ್ಮ ಬೀದಿಯ ಕ್ಲಿನಿಕ್ಕಿನಲ್ಲಿ ಅವಳ ಬಿಪಿ ಮಾತ್ರೆ ಬದಲಾಗಿತ್ತು. ಹೊಸದರಲ್ಲಿ ಮೂತ್ರ ಹೆಚ್ಚು ಮಾಡುವ ಔಷಧಿಯೂ ಸೇರಿತ್ತು. ಅದು ನೀರಿನ ಜೊತೆ ಉಪ್ಪನ್ನೂ ತೊಳೆದುಕೊಂಡು ಹೋಗುತ್ತದಂತೆ. ಕೆಲವು ಮುದುಕಿಯರಿಗೆ ಅದು ಆಗಿಬರುವುದೇ ಇಲ್ಲವಂತೆ. ಅದರ ಮೇಲೆ ಬೇಸಿಗೆ. ಬಾಯಿ ಹುಣ್ಣಾದರೂ ಉಷ್ಣ, ಕಣ್ಣು ಉರಿದರೂ ಉಷ್ಣ ಎನ್ನುವವಳು ಅವಳು. ಮಡಕೆಗಟ್ಟಲೆ ನೀರು, ಜೀರಿಗೆ ನೀರು, ಬಾರ್ಲಿ ನೀರು, ದಿನಕ್ಕೆರಡು ಎಳನೀರು ಕುಡಿದು ಉಷ್ಣ ಇಳಿಸಿಕೊಳ್ಳುತ್ತಿದ್ದಳು.

“ಮತ್ತ ಊಟದಾಗ ಉಪ್ಪು ಹೆಂಗ ತಿಂತಾರ?”

ಮಗ ತಲೆ ಕೆರೆದುಕೊಂಡ. “ಉಪ್ಪೇ ತಿನ್ನಲ್ಲ ಮೇಡಂ. ಕಾಶಿಗೆ ಹೋಗಿದ್ರಲ್ಲ, ಅಲ್ಲಿ ಬಿಟ್ಬಂದ್ರು.”

ಡಾಕ್ಟರು ಪೆನ್ನು ಕೆಳಗಿಟ್ಟರು. “ಉಪ್ಪನ್ನ? ಕಾಶಿಯೊಳಗ ಉಪ್ಪು ಯಾರರ ಬಿಡ್ತಾರೇನ್ರಿ? ನಮ್ಮ ಅಜ್ಜಿ ಹಾಗಲಕಾಯಿ ಬಿಟ್ಟಿದ್ಲು.”

ಎಲ್ಲರೂ ಹಾಗಲಕಾಯಿಯನ್ನೇ ಬಿಡುವುದು. ಕಾಶಿಗೆ ಹೋದವರು ಇಷ್ಟವಾದ ಒಂದು ಪದಾರ್ಥವನ್ನು ಅಲ್ಲಿ ಬಿಟ್ಟು ಬರಬೇಕು, ಮತ್ತೆ ಜನ್ಮದಲ್ಲಿ ಅದನ್ನು ಮುಟ್ಟಬಾರದು ಎನ್ನುತ್ತಾರೆ. ಅವಳ ಜೊತೆ ಬಸ್ಸಿನಲ್ಲಿ ಹೋದ ಹೆಂಗಸರು ಹಾಗಲಕಾಯಿ, ಸುವರ್ಣಗೆಡ್ಡೆ, ಸೀಬೆಹಣ್ಣು ಎಂದು ದೇವರಿಗೆ ಅಗ್ಗದಲ್ಲಿ ಕೈ ತೊಳೆದುಕೊಂಡು ಬಂದಿದ್ದರು. ಇವಳು ಗಂಗೆಯಲ್ಲಿ ನಿಂತು ಉಪ್ಪು ಬಿಟ್ಟಳು. ವಾಪಸ್ ಬಂದು ಕಾಶಿದಾರ ಹಂಚುವಾಗ ನನ್ನ ಕೈಗೂ ಒಂದು ದಾರ ಎಸೆದು, ಎಲ್ಲರೆದುರಿಗೆ ಅದನ್ನು ಹೇಳಿದಳು. ಹೇಳುವಾಗ ನನ್ನನ್ನೇ ನೋಡುತ್ತಿದ್ದಳು.

ಯಾಕೆ ನೋಡಿದಳು ಎನ್ನುವುದು ಆ ಡಾಕ್ಟರ ಮುಂದೆ ನನ್ನ ಬಾಯಿಂದ ಬರಲಿಲ್ಲ. ಇಲ್ಲಿ ಬರೆಯುತ್ತೇನೆ.

ಕಾಶಿಗೆ ಹೋಗುವ ಮುಂಚೆ, ಹೋದ ವರ್ಷದ ಪಿತೃಪಕ್ಷದ ಊಟದ ದಿನ, ಹಿರಿಯರಿಗೆ ಎಡೆ ಇಟ್ಟು ಐವತ್ತು ಜನ ಪಂಕ್ತಿಯಲ್ಲಿ ಕೂತಿದ್ದರು. ಅಡುಗೆ ಅವಳದು. ಮಟನ್ ಸಾರಿಗೆ ಉಪ್ಪು ಜಾಸ್ತಿಯಾಗಿತ್ತು. ಅವಳ ಕೈಯೇ ಹಾಗೆ, ಯಾವಾಗಲೂ ಒಂದು ಹಿಡಿ ಮುಂದೆ. ಸುಮ್ಮನೆ ಅನ್ನ ಕಲಸಿಕೊಂಡು ತಿನ್ನಬಹುದಿತ್ತು. ಆದರೆ ಬಡಿಸುತ್ತಾ ಬಂದವಳು ನನ್ನ ಎಲೆಯ ಮುಂದೆ ನಿಂತು, “ದೊರ್ಸಾನಿಗೆ ಸ್ಪೂನ್ ಕೊಡ್ರೋ,” ಎಂದಳು. ಎಲ್ಲರೂ ನಕ್ಕರು. ನಾನು ಕೈ ಎತ್ತದೆ, ತಣ್ಣಗೆ, ಪಂಕ್ತಿಗೆಲ್ಲ ಕೇಳುವ ಹಾಗೆ ಹೇಳಿದೆ: “ಸ್ಪೂನ್ ಬೇಡ ಅಕ್ಕ, ಸ್ಟ್ರೆಚರ್ ಕೊಡಿ. ಭಾವನವರಿಗೆ ಸ್ಟ್ರೋಕ್ ಆಗಿದ್ದು ಯಾವ ಸಾರು ತಿಂದು ಅಂತ ಇವತ್ತು ಗೊತ್ತಾಯ್ತು.”

ಭಾವ ಎಂದರೆ ಅವಳ ಗಂಡ. ಆವತ್ತು ಎಡೆ ಇಟ್ಟದ್ದೇ ಅವರಿಗೆ.

ಯಾರೂ ನಗಲಿಲ್ಲ. ಅವಳ ಕೈಯ ಸೌಟಿನಿಂದ ಸಾರು ನೆಲಕ್ಕೆ ತೊಟ್ಟಿಕ್ಕುತ್ತಿತ್ತು.

ಆಸ್ಪತ್ರೆಯಲ್ಲಿ ನಾನೇ ಹಗಲು ಡ್ಯೂಟಿ ಕೇಳಿ ತೆಗೆದುಕೊಂಡೆ. ಪಶ್ಚಾತ್ತಾಪ ಎಂದುಕೊಳ್ಳಬೇಡಿ. ಕೂತು ಕಾಯುವ ಜನ ಮನೆಯಲ್ಲಿ ಬೇರೆ ಇರಲಿಲ್ಲ, ಮತ್ತೆ ನನ್ನ ಅಂಕಿಯನ್ನು ಬೇರೆಯವರ ಕೈಗೆ ಕೊಡಲು ನನಗೆ ಇಷ್ಟವಿರಲಿಲ್ಲ. ಔಷಧಿ ಒಂದು ಮಷೀನಿನಲ್ಲಿ ಹನಿ ಹನಿಯಾಗಿ ಹೋಗುತ್ತಿತ್ತು. ಕೆಲವು ಗಂಟೆಗೊಮ್ಮೆ ರಕ್ತ ತೆಗೆಯುತ್ತಿದ್ದರು. ನೂರ ಹದಿನೈದು, ನೂರ ಹದಿನೇಳು. ಕುಡಿಯಲು ದಿನಕ್ಕೆ ಮುಕ್ಕಾಲು ಲೀಟರ್ ನೀರು, ಅದಕ್ಕಿಂತ ಒಂದು ಗುಟುಕೂ ಹೆಚ್ಚಿಲ್ಲ. ಆ ನೀರಿನ ಬಾಟಲಿ ನನ್ನ ಬ್ಯಾಗಿನಲ್ಲಿರುತ್ತಿತ್ತು. ಜಿಪ್ ಹಾಕಿ ತೊಡೆಯ ಮೇಲಿಟ್ಟುಕೊಂಡು ಕೂರುತ್ತಿದ್ದೆ. ಸ್ಕೂಲಿನಲ್ಲಿ ಲಂಚ್ ಬೆಲ್ ಆಗುವವರೆಗೂ ನಮ್ಮ ಟಿಫಿನ್ ಡಬ್ಬಗಳ ಕಬೋರ್ಡಿಗೆ ಬೀಗ ಹಾಕಿಕೊಂಡು ಕೂರುತ್ತಿದ್ದ ಸಿಸ್ಟರ್‌ಗಳ ಮುಖ ನನಗೂ ಬಂದಿತ್ತೇನೋ.

ದೊಡ್ಡ ಯುದ್ಧ ಎಳನೀರಿನದು. ಆಸ್ಪತ್ರೆಗೆ ರೋಗಿ ನೋಡಲು ಬರುವವರು ಎಳನೀರು ಇಲ್ಲದೆ ಬರುವುದುಂಟೇ? ಹುಣಸಮಾರನಹಳ್ಳಿಯಿಂದ ಅವಳ ತಮ್ಮ, ತಮ್ಮನ ಹೆಂಡತಿ ಒಂದು ಗೊನೆಯನ್ನೇ ಹೊತ್ತು ತಂದರು. ನಾನು ವಾರ್ಡಿನ ಬಾಗಿಲಲ್ಲಿ ನಿಂತೆ.

“ಎಳ್ನೀರು ಕೊಡೋ ಹಾಗಿಲ್ಲ.”

“ಎಳ್ನೀರಾಗೆ ಏನೈತಮ್ಮ ದೋಸ? ತಂಪಲ್ವಾ?”

“ಉಪ್ಪು ಕಮ್ಮಿ ಇರೋ ನೀರು ಅದು. ಈಗ ಅವಳಿಗೆ ವಿಷ.”

“ಎಳ್ನೀರು ಇಸ ಅಂತೆ ಕಣಮ್ಮಿ, ಕೇಳ್ದಾ?” ಎಂದು ಅವನು ಹೆಂಡತಿಯ ಕಡೆ ತಿರುಗಿದ. “ನಮ್ಮಕ್ಕನ್ನ ಬಾಯಾರ್ಸಿ ಸಾಯ್ಸಾಕೆ ಕುಂತವ್ಳೆ ಇವ್ಳು. ಇಂಗೇ ಆಯ್ತದೆ ಅಂತ ನಮ್ಮವ್ವ ಅವತ್ತೇ ಅಂದಿದ್ಲು.”

“ನಿಮ್ಮವ್ವನ್ನೂ ಕರ್ಕೊಂಡು ಬಂದ್ರೂ ಅಷ್ಟೇ,” ಎಂದೆ. ಆಮೇಲೆ ನೆನಪಾಯಿತು, ಅವರವ್ವ ಸತ್ತು ಇಪ್ಪತ್ತು ವರ್ಷವಾಗಿದೆ. ವಾಪಸ್ ತೆಗೆದುಕೊಳ್ಳಲಿಲ್ಲ. ಗೊನೆಯನ್ನು ನರ್ಸುಗಳಿಗೆ ಕೊಟ್ಟೆ. ಅವರು ನನ್ನೆದುರಿಗೇ ಸ್ಟ್ರಾ ಹಾಕಿಕೊಂಡು ಕುಡಿದರು.

ಎರಡನೆಯ ದಿನ ಮಧ್ಯಾಹ್ನ ಅವಳು ಕಣ್ಣು ಬಿಟ್ಟು ನೀರು ಕೇಳಿದಳು. ಇನ್ನೂ ಹೊತ್ತಾಗಿಲ್ಲ ಎಂದೆ. ಮತ್ತೆ ಕೇಳಿದಳು. ನಾನು ಗಡಿಯಾರ ತೋರಿಸಿದೆ. ಅವಳು ಬಹಳ ಹೊತ್ತು ನನ್ನ ಮುಖವನ್ನೇ ನೋಡಿದಳು. ಹುಬ್ಬು ನಿಧಾನವಾಗಿ ಗಂಟಾಯಿತು. ಆ ಗಂಟನ್ನು ನಾನು ಎಲ್ಲಿದ್ದರೂ ಗುರುತಿಸುತ್ತೇನೆ.

“ಪಾಪಿ ಮುಂಡೆ,” ಎಂದಳು. “ಉಚ್ಚೆ ಚೀಟಿ ಬರ್ಕಂಡಿದ್ದೋಳು, ನಂಗ್ ನೀರ್ ಕೊಡಲ್ಲ ಅಂತೀಯಾ?”

ನಾನು ಎದ್ದು ಡ್ಯೂಟಿ ರೂಮಿಗೆ ಹೋದೆ. ನನ್ನ ಮಂಡಿ ನೋವಿನಲ್ಲೂ ಓಡಿದೆ ಎಂದೇ ಹೇಳಬೇಕು. “ಡಾಕ್ಟರ್, ಶೀ ಈಸ್ ಬ್ಯಾಕ್.”

“ಯಾಕ್ರಿ, ಏನಾತು?”

“ಬೈದಳು.”

ಹುಡುಗಿ ಡಾಕ್ಟರಿಗೆ ನಗು ತಡೆಯಲಾಗಲಿಲ್ಲ. ರಕ್ತ ಕಳಿಸಿದರು. ನೂರ ಇಪ್ಪತ್ತೆರಡು ಬಂತು. ಆಮೇಲಿನ ದಿನಗಳಲ್ಲಿ ರಿಪೋರ್ಟಿಗೆ ಮೊದಲು ನನ್ನನ್ನು ಕೇಳುತ್ತಿದ್ದರು, “ಇವತ್ತು ಏನಂದ್ರು ಅಮ್ಮಾರ?” ಎಂದು. ‘ಹಂದಿ’ ಎಂದ ದಿನ ನೂರ ಇಪ್ಪತ್ತೇಳು ಬಂತು. ನೂರ ಮೂವತ್ತೊಂದರ ದಿನ ನನ್ನ ತವರಿನವರನ್ನೆಲ್ಲ ಒಬ್ಬೊಬ್ಬರಾಗಿ ಹೆಸರು ಹಿಡಿದು ಬೈದಳು. ಸತ್ತುಹೋದ ನನ್ನ ಅಕ್ಕನ ಗಂಡನ ಕುಡಿತವನ್ನೂ ಮರೆತಿರಲಿಲ್ಲ. ಮೆಮೊರಿ ಪರ್ಫೆಕ್ಟ್.

ಮನೆಗೆ ಕಳಿಸುವಾಗ ಡಾಕ್ಟರು ಹೇಳಿದ್ದು ಮೂರೇ ಮಾತು. ಆ ಮಾತ್ರೆ ಇನ್ನು ಜನ್ಮದಲ್ಲಿ ಬೇಡ. ನೀರು ಅಳತೆಯಲ್ಲಿ. ಊಟಕ್ಕೆ ಎಲ್ಲರ ಹಾಗೆ ಉಪ್ಪು. ಮೂರನೆಯದಕ್ಕೆ ಅವಳು ತುಟಿ ಬಿಗಿದುಕೊಂಡು ಕಿಟಕಿಯಾಚೆಯ ಫ್ಲೈಓವರ್ ನೋಡಿದಳು.

ಮನೆಗೆ ಬಂದ ಮೇಲೂ ಅವಳು ಉಪ್ಪು ಮುಟ್ಟಲಿಲ್ಲ. ಸೊಸೆ ಗೊತ್ತಾಗದ ಹಾಗೆ ಮುದ್ದೆಗೆ ಹಾಕಿದಳು. ಅತ್ತೆ ಮೊದಲ ತುತ್ತಿಗೇ ಉಗುಳಿ, ಅವತ್ತಿನಿಂದ ತನ್ನ ಅಡುಗೆ ತಾನೇ ಮಾಡಿಕೊಳ್ಳತೊಡಗಿದಳು. ಮಗ ಕಾಲಿಗೆ ಬಿದ್ದ. “ಕಾಸೀಲಿ ಬಿಟ್ಟಿದ್ದನ್ನ ತಿಂದ್ರೆ ನಾಯಿ ಜನ್ಮ ಬತ್ತದೆ. ನೀನ್ ಬಂದ್ ಮೂಳೆ ಆಕ್ತೀಯಾ?” ಎಂದಳು. ಹೆಚ್ಚು ಊಟವಿಲ್ಲ, ಉಪ್ಪಿಲ್ಲ, ನೀರು ಮಾತ್ರ ಕದ್ದು ಮುಚ್ಚಿ ಸಾಗುತ್ತಿತ್ತು. ವಾರ ಕಳೆದು ರಕ್ತ ನೋಡಿದರೆ ನೂರ ಇಪ್ಪತ್ತಾರು. ಹೀಗೇ ಇಳಿದರೆ ಮತ್ತೆ ಮೊದಲಿಂದ ಎಂದರು ಡಾಕ್ಟರು ಫೋನಿನಲ್ಲಿ.

ಮಗ ಮೇಲೆ ಬಂದು ನನ್ನ ಬಾಗಿಲಲ್ಲಿ ನಿಂತ. ಒಳಗೆ ಬರಲಿಲ್ಲ.

“ಚಿಕ್ಕಮ್ಮಾ, ಹೆಸರಘಟ್ಟದ್ ರೋಡಿನ್ ಆ ರೂಮ್ ಇನ್ನೂ ಖಾಲಿ ಇದೆಯಂತೆ. ಅಲ್ಲಾದ್ರೆ ಅವ್ರು ಹಾಕಿದ್ದು ತಿನ್ಲೇಬೇಕು. ನನ್ ಕೈಲಿ ಆಗ್ತಿಲ್ಲ. ನಾಳೆ ಕರ್ಕೊಂಡ್ ಹೋಗ್ತೀನಿ.” ತಿರುಗಿ ಮೆಟ್ಟಿಲಿಗೆ ಕಾಲಿಟ್ಟ. “ನೀವ್ ಮಾಡೋದ್ ಮಾಡಿದ್ರಿ. ಬಿಡಿ.”

ಮಾಡಬೇಕಾದ್ದನ್ನು ನಾನು ಮಾಡಿರಲಿಲ್ಲ, ಅದು ಅವನಿಗೆ ಗೊತ್ತಿರಲಿಲ್ಲ.

ಮಧ್ಯಾಹ್ನ ಅವರಿಬ್ಬರೂ ಕೆಲಸಕ್ಕೆ ಹೋದ ಮೇಲೆ ಕೆಳಗಿಳಿದೆ. ಅವಳ ಅಡುಗೆಮನೆಗೆ ಕರೆಯದೆ ಕಾಲಿಟ್ಟದ್ದು ಅದೇ ಮೊದಲು. ಅವಳು ನೆಲದ ಮೇಲೆ ತಟ್ಟೆ ಇಟ್ಟುಕೊಂಡು ಕೂತಿದ್ದಳು. ಮುದ್ದೆ, ಬಸ್ಸಾರು. ನೋಡಿದರೇ ಸಪ್ಪೆ ಎಂದು ಗೊತ್ತಾಗುತ್ತಿತ್ತು.

“ಯಾಕ್ ಬಂದೆ? ಸತ್ತಿದ್ದೀನಾ ಅಂತ ನೋಡಾಕಾ?”

“ಹೌದು. ಇನ್ನೂ ಎಷ್ಟು ದಿನ ಅಂತ ಕೇಳೋಣ ಅಂತ ಬಂದೆ.”

“ನಿನಗಿಂತ ಒಂದಿನ ಜಾಸ್ತಿ ಇರ್ತೀನಿ ಕಣೇ, ಏನ್ ಅಂದ್ಕಂಡೆ?”

“ಈ ಊಟದಲ್ಲಿ ಆಗಲ್ಲ.” ನಾನು ಅವಳ ಎದುರಿಗೆ ಮಣೆ ಎಳೆದುಕೊಂಡು ಕೂತೆ. ಕೂರುವಾಗ ಮಂಡಿ ಸದ್ದು ಮಾಡಿತು. “ಒಂದು ಮಾತು ಕೇಳ್ತೀನಿ, ನಿಜ ಹೇಳಿ. ಗಂಗೇಲಿ ನಿಂತು ಉಪ್ಪು ಬಿಟ್ಟಾಗ ನಿಮ್ಮ ಕಣ್ಣ ಮುಂದೆ ಯಾರಿದ್ರು? ವಿಶ್ವನಾಥನಾ?”

ಅವಳು ಮುದ್ದೆ ಮುರಿಯುವುದನ್ನು ನಿಲ್ಲಿಸಿದಳು.

“ಕಾಶಿ ವಿಷಯ. ಸುಳ್ಳು ಹೇಳ್ಬೇಡಿ.”

“ನೀನಿದ್ದೆ,” ಎಂದಳು. “ಮೂರ್ ಸಲ ಮುಳುಗ್ದೆ. ಮೂರ್ ಸಲಾನೂವೆ ನಿನ್ ಆಳ್ ಮೊಕಾನೇ.”

ಮಾರಲ್ ಸೈನ್ಸ್ ಕ್ಲಾಸಿನಲ್ಲಿ ನಮಗೆ ಒಂದು ಪಾಠವಿತ್ತು: ನೀನು ಏನು ಮಾಡಿದೆ ಎಂದಲ್ಲ, ಯಾರಿಗಾಗಿ ಮಾಡಿದೆ ಎಂದು ದೇವರು ಕೇಳುತ್ತಾನೆ. ಅರವತ್ತು ವರ್ಷ ಆ ಪಾಠದಿಂದ ನನಗೆ ಒಂದು ಪೈಸೆಯ ಉಪಯೋಗವಾಗಿರಲಿಲ್ಲ.

“ಹಾಗಾದ್ರೆ ನೀವು ಅದನ್ನ ದೇವರಿಗೆ ಬಿಟ್ಟಿದ್ದಲ್ಲ. ನನ್ನ ಮೇಲಿನ ಹಟಕ್ಕೆ ಬಿಟ್ಟಿದ್ದು. ವಿಶ್ವನಾಥನಿಗೆ ನಿಮ್ಮ ಉಪ್ಪು ತಲುಪೇ ಇಲ್ಲ, ಅದು ನನ್ನ ಹತ್ರ ಇದೆ. ನಂಗೆ ಬೇಡ. ವಾಪಸ್ ಕೊಡ್ತಿದ್ದೀನಿ, ತಿನ್ನಿ.”

ಅವಳು ಇದನ್ನು ಹಾಗೂ ಹೀಗೂ ತಿರುಗಿಸಿ ನೋಡುತ್ತಿದ್ದುದು ಮುಖದಲ್ಲಿ ಕಾಣುತ್ತಿತ್ತು. ಸಂತೆಯಲ್ಲಿ ಕುಂಬಳಕಾಯಿ ತಟ್ಟಿ ನೋಡುವ ಹಾಗೆ. ಆಮೇಲೆ ಕೇಳಿದಳು:

“ಉಪ್ಪ್ ವಾಪಸ್ ಕೊಟ್ಟೆ. ಸರಿ. ನೀನ್ ಅಂದ ಮಾತು? ನನ್ ಗಂಡನ್ನ ನಾನೇ ಸಾಯ್ಸಿದೆ ಅಂದ್ಯಲ್ಲ, ಅವನ್ ಎಡೆ ಮುಂದೆ ಕುಂತ್ಕಂಡು? ಅದನ್ ಯಾರ್ ವಾಪಸ್ ತಕೊಳ್ಳಾದು?”

ಸ್ಕೂಲಿನಲ್ಲಿ ದಿನಕ್ಕೆ ಇಪ್ಪತ್ತು ಸಲ ಸಾರಿ ಅನ್ನುತ್ತಿದ್ದೆವು, ಬಿಕ್ಕಳಿಕೆಯ ಹಾಗೆ ಬರುತ್ತಿತ್ತು. ಇಲ್ಲಿ ಆ ಪದ ಏನೂ ಕೆಲಸ ಮಾಡುವುದಿಲ್ಲ ಎಂದು ನನಗೆ ಗೊತ್ತಿತ್ತು. ಗೊತ್ತಿದ್ದ ಇನ್ನೊಂದನ್ನು ಹೇಳಿದೆ.

“ಭಾವನವರು ಬಿಪಿ ಮಾತ್ರೇನ ನುಂಗ್ತಾನೇ ಇರಲಿಲ್ಲ. ನೀವು ಕೈಗೆ ಕೊಟ್ಟು ಒಳಗೆ ಹೋದ ತಕ್ಷಣ ತುಳಸಿ ಕಟ್ಟೆ ಹಿಂದೆ ಎಸೀತಿದ್ರು. ದಿನಾ. ನಾನು ಮೇಲಿನ ಬಾಲ್ಕನಿಯಿಂದ ನೋಡ್ತಿದ್ದೆ.”

ಅವಳ ಕೈ ತಟ್ಟೆಯ ಅಂಚಿನಲ್ಲೇ ನಿಂತಿತ್ತು. ಹೊರಗೆ ಬಿಸಿಲಿನಲ್ಲಿ ತರಕಾರಿ ಗಾಡಿಯವನ ಮೈಕು ಸೊಪ್ಪಿನ ಹೆಸರುಗಳನ್ನು ಕೂಗಿ, ತಿರುವು ದಾಟಿ ಹೋಯಿತು. ಆಮೇಲೆ ಅವಳೇ ಕೇಳಿದಳು:

“ನೋಡಿದ್ದೆ.”

“ನೋಡಿದ್ದೆ.”

“ನಂಗ್ ಏಳ್ಲಿಲ್ಲ.”

“ಆಗ ನಾವು ಮಾತು ಬಿಟ್ಟಿದ್ವಿ.”

“ಗೊತ್ತಿದ್ದೂ ಗೊತ್ತಿದ್ದೂ ಆ ಮಾತ್ ಅಂದೆ ನೀನು.”

“ಗೊತ್ತಿದ್ದೇ ಅಂದೆ.”

“ಅಬ್ಬಬ್ಬಾ,” ಎಂದಳು. ಅವಳಿಗೆ ಬೈಗುಳ ಸಿಗದೆ ಹೋದದ್ದನ್ನು ನಾನು ಕಂಡದ್ದು ಅದೊಂದೇ ಸಲ. “ಏನ್ ಎಂಗ್ಸೇ ನೀನು.” ಕಣ್ಣು ಒರೆಸಿಕೊಳ್ಳಲಿಲ್ಲ. ಅತ್ತಳೋ ಇಲ್ಲವೋ, ಒಲೆಯ ಬದಿಯ ಕತ್ತಲಲ್ಲಿ ನನಗೆ ಸರಿಯಾಗಿ ಕಾಣಲಿಲ್ಲ, ನೋಡುವ ಧೈರ್ಯವೂ ಇರಲಿಲ್ಲ. ಆಮೇಲೆ ಗಲ್ಲದಿಂದ ಶೆಲ್ಫಿನ ಕಡೆ ತೋರಿಸಿದಳು. “ಆ ಜಾಡಿ ತತ್ತಾ.”

ಸೊಸೆಯ ಉಪ್ಪಿನ ಜಾಡಿ. ತಂದು ಅವಳ ಪಕ್ಕದಲ್ಲಿಟ್ಟೆ. ನಮ್ಮಲ್ಲಿ ಉಪ್ಪನ್ನು ಕೈಯಿಂದ ಕೈಗೆ ಕೊಡುವುದಿಲ್ಲ, ಕೊಟ್ಟವರಿಗೂ ತೆಗೆದುಕೊಂಡವರಿಗೂ ಜಗಳವಾಗುತ್ತದೆ ಎನ್ನುತ್ತಾರೆ. ಅವಳು ಜಾಡಿಯನ್ನು ಮುಟ್ಟದೆ ಎಡಗೈ ಬಿಡಿಸಿ ನನ್ನ ಮುಂದೆ ಚಾಚಿದಳು.

“ಕೈಗೇ ಆಕು.”

“ಜಗಳ ಆಗುತ್ತೆ.”

“ಆಗ್ಲಿ ಆಕು.”

ಒಂದು ಚಿಟಿಕೆ ಹಾಕಿದೆ. ಅವಳು ಅದನ್ನು ಸಾರಿಗೆ ಉದುರಿಸಿ, ಬೆರಳಿನಿಂದ ಕಲಕಿ, ಮುದ್ದೆ ಅದ್ದಿ ನುಂಗಿದಳು. ಇನ್ನೊಂದು ತುತ್ತು. ಮೂರನೆಯದಕ್ಕೆ ಕಣ್ಣು ಮುಚ್ಚಿಕೊಂಡಳು, ಅಷ್ಟು ತಿಂಗಳ ಮೇಲೆ ನಾಲಿಗೆಗೆ ರುಚಿ ತಗುಲಿದ್ದಕ್ಕೆ. ಕಣ್ಣು ಬಿಟ್ಟಾಗ ನನ್ನ ಕಡೆ ನೋಡಲೇ ಇಲ್ಲ.

“ಜಾಸ್ತಿ ಆಯ್ತು,” ಎಂದಳು. “ಒಂದಿನಾನಾದ್ರೂ ಸರಿಯಾಗ್ ಅಡ್ಗೆ ಮಾಡಿದ್ರಲ್ವಾ ನಿನಗೆ ಅಂದಾಜು ಇರಾದು.”

ನಾನು ಎದ್ದು ಬಂದೆ. ಮೆಟ್ಟಿಲು ಅರ್ಧ ಹತ್ತಿದಾಗ ಒಳ್ಳೆಯದೊಂದು ಉತ್ತರ ಹೊಳೆಯಿತು. ಕಂಬಿ ಹಿಡಿದುಕೊಂಡು, ಒಂದೊಂದೇ ಮೆಟ್ಟಿಲು ಇಳಿದು, ವಾಪಸ್ ಹೋಗಿ ಹೇಳಿ ಬಂದೆ.